ಜೋನ ನದಿ, ರಾಬ್ಸನ್ನರ ಕಂಠ: ಒಂದು ರಂಗಗೀತದ ಪಾಠಾಂತರ

ಪಾಠಾಂತರವೆಂದೊಡನೆ ಗ್ರಂಥಸಂಪಾದನೆಯಲ್ಲಿ ಆಸಕ್ತರಾದವರ ಮನಸ್ಸು ಓಲೆಗರಿಯ ಕಡೆಗೆ, ಲಿಪಿಕಾರನ ಕೈತಪ್ಪಿನ ಕಡೆಗೆ ಹರಿಯುವುದು ಸಹಜ. ದಾಸರ ಪದಗಳ ಪಾಠವನ್ನು ನಿರ್ಣಯಿಸಲು ಹೊರಟವರಿಗೆ ಮಾತ್ರ ಬೇರೊಂದು ಬಗೆಯ ತೊಡಕು ಎದುರಾಗುತ್ತದೆ. ಅಲ್ಲಿ ಪಾಠವನ್ನು ತಿದ್ದಿದವನು ಎಷ್ಟೋ ವೇಳೆ ಹಾಡುಗಾರನೇ. ಅವನು ಯಾವಾಗ ತಿದ್ದಿದನು, ಮರೆತು ತಿದ್ದಿದನೋ ಬೇಕೆಂದೇ ತಿದ್ದಿದನೋ ಎಂಬುದನ್ನು ಹೇಳುವ ಸಾಕ್ಷ್ಯ ಉಳಿದಿರುವುದಿಲ್ಲ. ಇಪ್ಪತ್ತನೆಯ ಶತಮಾನದ ಅಮೆರಿಕದ ರಂಗಭೂಮಿಯಲ್ಲಿ ಇಂತಹುದೇ ಒಂದು ಪಾಠಾಂತರವು ಎಲ್ಲರ ಕಣ್ಣೆದುರಿಗೆ, ಧ್ವನಿಮುದ್ರಿಕೆಗಳ ಸಾಕ್ಷ್ಯಸಮೇತವಾಗಿ ನಡೆದುಹೋಯಿತು. ಹಾಡು 'ಓಲ್ ಮ್ಯಾನ್ ರಿವರ್'. ಹಾಡಿದವರು ಪಾಲ್ ರಾಬ್ಸನ್. ಅವರು ಕವಿಯ ಮಾತನ್ನು ಬದಲಿಸಿದ್ದು ಸರಿಯೇ ಎಂಬ ವಿವಾದ ಅಂದೇ ಎದ್ದಿತು. ಅದಕ್ಕೆ ಕೊಡಬಹುದಾದ ಉತ್ತರ ಬಹುಮಟ್ಟಿಗೆ ಆ ಹಾಡಿನ ಸ್ವರಗಳಲ್ಲಿಯೇ ಅಡಗಿದೆ.

ಎಡ್ನಾ ಫರ್ಬರ್ ಅವರ 1926ರ ಕಾದಂಬರಿಯನ್ನು ಆಧರಿಸಿದ 'ಷೋ ಬೋಟ್' ಎಂಬ ಗೇಯನಾಟಕವು 1927ರ ಡಿಸೆಂಬರ್ 27ರಂದು ನ್ಯೂಯಾರ್ಕಿನ ಜೀಗ್‌ಫೆಲ್ಡ್ ರಂಗಮಂದಿರದಲ್ಲಿ ತೆರೆಕಂಡಿತು. ಸಂಗೀತ ಜೆರೋಮ್ ಕರ್ನ್ ಅವರದು. ಸಂಭಾಷಣೆ, ಸಾಹಿತ್ಯಗಳು ಎರಡನೆಯ ಆಸ್ಕರ್ ಹ್ಯಾಮರ್‌ಸ್ಟೈನ್ ಅವರವು. ಮಿಸಿಸಿಪಿ ನದಿಯ ಮೇಲೆ ಊರಿಂದೂರಿಗೆ ಸಾಗುವ ನಾಟಕದ ಹಡಗೊಂದರ ನಾಲ್ಕು ದಶಕಗಳ ಕಥೆ ಇದು. ಕಥೆ ಚದರುವುದನ್ನು ತಡೆಯಲು ಹ್ಯಾಮರ್‌ಸ್ಟೈನರು ನದಿಯನ್ನೇ ಸೂತ್ರವಾಗಿ ಹಿಡಿದು, ಕಾದಂಬರಿಯಲ್ಲಿ ಮೂಲೆಯಲ್ಲಿದ್ದ ಜೋ ಎಂಬ ಕಪ್ಪು ವರ್ಣದ ಕೂಲಿಯ ಬಾಯಲ್ಲಿ ಈ ಹಾಡನ್ನಿಟ್ಟರು. ಹಡಗಿನ ಒಡೆಯನ ಮಗಳು ತಾನು ಆಗತಾನೇ ಕಂಡ ಯುವಕನ ವಿಷಯವಾಗಿ ಜೋನನ್ನು ಕೇಳುತ್ತಾಳೆ. ಅವನು ಉತ್ತರವನ್ನು ನದಿಗೆ ಬಿಡುತ್ತಾನೆ. ಅವಳು ಒಳಗೆ ಹೋದ ಮೇಲೆ ಒಬ್ಬನೇ ಹಾಡುತ್ತಾನೆ. ಬಿಳಿಯರ ಪ್ರಣಯಕಥೆಯ ನಡುವೆ ಸಿಕ್ಕಿದ ಒಂದು ಬಿಡುವಿನಲ್ಲಿ ಆ ಕಥೆಯ ಮೂಟೆಗಳನ್ನು ಹೊತ್ತವನಿಗೆ ಮಾತು ದೊರೆಯುತ್ತದೆ. ನಾಟಕ ಮುಂದುವರಿದಂತೆ ಈ ಹಾಡು ಮತ್ತೆ ಮತ್ತೆ ಮರಳುತ್ತದೆ. ಎಲ್ಲರೂ ಮುದುಕರಾಗುತ್ತಾರೆ, ನದಿ ಮಾತ್ರ ಹಾಗೆಯೇ ಇರುತ್ತದೆ.

ಮೂಲಸಾಹಿತ್ಯದ ಭಾವವನ್ನು ಹೀಗೆ ಸಂಗ್ರಹಿಸಬಹುದು. ನದಿಗೆ ಎಲ್ಲವೂ ತಿಳಿದಿದೆ, ಆದರೂ ಅದು ಬಾಯಿಬಿಡುವುದಿಲ್ಲ. ಹತ್ತಿಯನ್ನು ಬೆಳೆದವರ ಹೆಸರು ಮರೆತುಹೋಗುತ್ತದೆ. ದುಡಿದು ಮೈ ಮುರಿದವನು ಸ್ವಲ್ಪ ಕುಡಿದರೆ ಸೆರೆಮನೆಯೇ ಗತಿ. ಬಾಳು ಬೇಸರ ತಂದಿದೆ, ಸಾವಿಗೂ ಅಂಜಿಕೆ. ಜೋ ತಾನೂ ಆ ನದಿಯಂತಾಗಬೇಕೆಂದು ಹಂಬಲಿಸುತ್ತಾನೆ. ಶಾಸ್ತ್ರದ ಮಾತಿನಲ್ಲಿ ಇದು ನಿರ್ವೇದ. ಅದರ ಅಡಿಯಲ್ಲಿ ಕ್ರೋಧದ ಎಳೆಯೊಂದಿದ್ದರೂ ಅದಕ್ಕೆ ತಲೆಯೆತ್ತಲು ಅವಕಾಶವಿಲ್ಲ.

ಆದರೆ ಕರ್ನ್ ಅವರ ಸ್ವರಯೋಜನೆ ಬೇರೆಯೇ ಮಾತನ್ನಾಡುತ್ತದೆ. ಪಲ್ಲವಿಯೆನ್ನಬಹುದಾದ ಭಾಗವು ಬಹುಮಟ್ಟಿಗೆ ಐದು ಸ್ವರಗಳಲ್ಲಿಯೇ ಸಂಚರಿಸುತ್ತದೆ. ಕರ್ನಾಟಕ ಸಂಗೀತದ ಕಿವಿಗೆ ಅವು ಮೋಹನದ ಸ್ವರಗಳು, ಹಿಂದುಸ್ತಾನಿಯ ಕಿವಿಗೆ ಭೂಪಾಲಿಯವು. ಹಾಡು ಮಂದ್ರ ಪಂಚಮದಲ್ಲಿ ಮೆಲ್ಲನೆ ಮೊದಲಾಗುತ್ತದೆ. ಆರಂಭದ ಪ-ಪ-ದ-ಸ ಎಂಬ ನಡೆಯಂತೂ ಹಡಗಿನ ಹೆಸರಾದ 'ಕಾಟನ್ ಬ್ಲಾಸಮ್' ಎಂಬುದಕ್ಕೆ ನಾಟಕದ ಮೊದಲಲ್ಲಿ ಕೂಡಿಸಿದ ಸ್ವರಗಳನ್ನೇ ತಲೆಕೆಳಗಾಗಿಸಿದಂತಿದೆ. ಅಲ್ಲಿ ಇಳಿಯುವುದು ಇಲ್ಲಿ ಏರುತ್ತದೆ. ಒಂದು ಹಡಗಿನ ಮೇಲಿನ ಸಂಭ್ರಮ, ಇನ್ನೊಂದು ದಡದ ಮೇಲಿನ ಬವಣೆ. ನಡುವಣ ಖಂಡದಲ್ಲಿ ಬೆವರು ನೋವುಗಳ ಮಾತು ಬಂದಾಗ ಮೈನರ್ ಛಾಯೆ ಕವಿದು ಮೋಹನದ ತಿಳಿ ಕದಡುತ್ತದೆ. ಅನಂತರ ಮೊದಲ ಧಾಟಿಯೇ ಮರಳಿ ಬಂದು, ಈ ಸಲ ಏರುತ್ತ ಏರುತ್ತ ಕೊನೆಯ ಪಾದದಲ್ಲಿ ತಾರ ಗಾಂಧಾರವನ್ನು ಮುಟ್ಟುತ್ತದೆ. ಒಟ್ಟು ವ್ಯಾಪ್ತಿ ಒಂದೂವರೆ ಸ್ಥಾಯಿಗೂ ಮಿಗಿಲು. ಸಾಮಾನ್ಯ ಗಾಯಕನಿಗೆ ಒಂದು ತುದಿಯಲ್ಲಿ ದನಿ ಸಾಲದು, ಇನ್ನೊಂದು ತುದಿಯಲ್ಲಿ ಉಸಿರು ಸಾಲದು. ಇಲ್ಲಿ ಗಮನಿಸಬೇಕಾದ ವಿಪರ್ಯಾಸವೊಂದಿದೆ. ಮಾತು ಸೋಲೊಪ್ಪುವ ಎಡೆಯಲ್ಲಿಯೇ ರಾಗ ಎದ್ದು ನಿಲ್ಲುತ್ತದೆ. ದಣಿವನ್ನು ಹೇಳುವ ಶಬ್ದಗಳನ್ನು ದಣಿಯದ ಸ್ವರಗಳು ಹೊತ್ತೊಯ್ಯುತ್ತವೆ.

ಈ ವಿರೋಧ ಮೊದಲಿನ ಕೇಳುಗರಿಗೆಲ್ಲ ಹೊಳೆದಂತಿಲ್ಲ. ನಾಟಕ ತೆರೆಕಂಡ ಕೆಲವೇ ವಾರಗಳಲ್ಲಿ, 1928ರ ಆರಂಭದಲ್ಲಿ, ಪಾಲ್ ವೈಟ್‌ಮನ್ ಅವರ ವಾದ್ಯವೃಂದವು ಬಿಂಗ್ ಕ್ರಾಸ್ಬಿಯವರ ಗಾಯನದೊಡನೆ ಇದನ್ನು ಕುಣಿತದ ಲಯದಲ್ಲಿ ಮುದ್ರಿಸಿತು. ಕೂಲಿಯವನ ಅಳಲಿಗೆ ಜನ ಹೆಜ್ಜೆ ಹಾಕಿ ಕುಣಿದರು! ಅದೇ ವಾದ್ಯವೃಂದವು ಅದೇ ವರ್ಷ ರಾಬ್ಸನ್ನರೊಡನೆ ಮತ್ತೊಂದು ಮುದ್ರಿಕೆಯನ್ನು ಮಾಡಿತು. ಎರಡನ್ನೂ ಒಂದರ ಹಿಂದೊಂದು ಕೇಳಿದವರಿಗೆ ಹಾಡಿನ ಅರ್ಥದಲ್ಲಿ ಲಯದ ಪಾಲೆಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಜೋನ ಪಾತ್ರವನ್ನು ರೂಪಿಸುವಾಗ ಕರ್ತೃಗಳ ಮನಸ್ಸಿನಲ್ಲಿದ್ದವರು ರಾಬ್ಸನ್ನರೇ. ಅವರು ದೊರೆಯದುದರಿಂದ ಮೊದಲು ಆ ಪಾತ್ರವನ್ನು ವಹಿಸಿದವರು ಜೂಲ್ಸ್ ಬ್ಲೆಡ್ಸೋ. ರಾಬ್ಸನ್ನರು 1928ರಲ್ಲಿ ಲಂಡನ್ನಿನ ಡ್ರೂರಿ ಲೇನಿನಲ್ಲಿಯೂ 1932ರಲ್ಲಿ ನ್ಯೂಯಾರ್ಕಿನ ಮರುಪ್ರಯೋಗದಲ್ಲಿಯೂ ಜೋ ಆದರು. 1898ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಹುಟ್ಟಿದ ಅವರ ತಂದೆ ಹುಡುಗನಾಗಿದ್ದಾಗ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಮಗ ಕೊಲಂಬಿಯಾದಲ್ಲಿ ನ್ಯಾಯಶಾಸ್ತ್ರದ ಪದವಿ ಪಡೆದವರು. ಇಂತಹವರು ಮುರುಕು ಇಂಗ್ಲಿಷಿನ ಕೂಲಿಯ ವೇಷದಲ್ಲಿ, ತಮ್ಮ ಜನರನ್ನು ಹೀನೈಸುವ ಹೆಸರಿನಿಂದಲೇ ಕರೆಯುವ ಸಾಹಿತ್ಯವನ್ನು ಹಾಡಬೇಕಾಗಿತ್ತು. ಕಪ್ಪು ಜನರ ಪತ್ರಿಕೆಗಳಲ್ಲಿ ಇದಕ್ಕೆ ಆಕ್ಷೇಪವೂ ಬಂದಿತು. ಆ ಆಕ್ಷೇಪವನ್ನು ನಿರಾಧಾರವೆನ್ನುವಂತಿಲ್ಲ.

1936ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ ಚಲನಚಿತ್ರದಲ್ಲಿ ಹಾಡಿನ ಮೊದಲ ಪಾಠದ ಅತ್ಯುತ್ತಮ ಪ್ರಯೋಗ ಉಳಿದುಬಂದಿದೆ. ಬಂದರುಕಟ್ಟೆಯ ಮೇಲೆ ಕುಳಿತ ರಾಬ್ಸನ್ನರ ಸುತ್ತ ಕ್ಯಾಮೆರಾ ನಿಧಾನವಾಗಿ ಬಳಸಿ ಬಂದು ಮುಖದ ಹತ್ತಿರಕ್ಕೆ ಸಾಗುತ್ತದೆ. ದುಡಿಮೆಯ ಮಾತು ಬಂದೊಡನೆ ದೃಶ್ಯ ಬದಲಾಗಿ, ಮೂಟೆ ಹೊತ್ತು ಬಾಗಿದ ಮೈ, ಸೆರೆಮನೆ ಇವು ನೆರಳುಬೆಳಕಿನ ಚಿತ್ರಗಳಾಗಿ ಹಾಯುತ್ತವೆ. ಈ ಚಿತ್ರಗಳು ಹಾಡಿಗೆ ಅಷ್ಟೊಂದು ಅಗತ್ಯವಿದ್ದುವೆಂದು ತೋರದು. ಆ ಮುಖ ಹೇಳುತ್ತಿದ್ದುದನ್ನೇ ಅವು ಎರಡನೆಯ ಸಲ ಹೇಳುತ್ತವೆ. ನೆನಪಿನಲ್ಲಿ ಉಳಿಯುವುದು ಕಂಠದ ಸಂಯಮ. ತಾರಸ್ಥಾಯಿಯಲ್ಲಿಯೂ ರಾಬ್ಸನ್ನರು ಕೂಗುವುದಿಲ್ಲ. ಮಂದ್ರದ ಗಾತ್ರವನ್ನೇ ಮೇಲಕ್ಕೆ ಎತ್ತಿಕೊಂಡು ಹೋಗುತ್ತಾರೆ. ಆಗ ಬೇಸರವನ್ನು ಹೇಳುವ ಆ ಪಾದ ಸುಳ್ಳೆನಿಸತೊಡಗುತ್ತದೆ. ಇಷ್ಟು ಬಲವುಳ್ಳ ದನಿ ಬಾಳಿಗೆ ಬೇಸತ್ತಿದೆಯೆಂದರೆ ನಂಬುವುದು ಕಷ್ಟ.

ಹಾಡುವವರಿಗೂ ಹಾಗೆಯೇ ಅನಿಸಿರಬೇಕು. 1930ರ ದಶಕದ ಕೊನೆಯಲ್ಲಿ, ಸ್ಪೇನಿನ ಗಣರಾಜ್ಯದ ಪರವಾಗಿ ಸಭೆಗಳಲ್ಲಿ ಹಾಡುತ್ತಿದ್ದ ಕಾಲಕ್ಕೆ, ಅವರ ಪಾಠ ಬದಲಾಯಿತು. ಹೀನೈಸುವ ಹೆಸರು ಹೋಯಿತು. ನದಿಯಂತಾಗುವ ಹಂಬಲಕ್ಕೆ ಒಂದು ನಿಷೇಧಪದ ಸೇರಿ, ಆ ಮುದುಕನಂತಾಗಲು ತನಗೆ ಇಷ್ಟವಿಲ್ಲವೆಂದಾಯಿತು. ಸೆರೆಮನೆಗೆ ಕಾರಣ ಕುಡಿತವಾಗಿದ್ದುದು ಕೆಚ್ಚಾಯಿತು. ಕಡೆಯಲ್ಲಿ ದಣಿವು ಭಯಗಳ ಸ್ಥಾನದಲ್ಲಿ ಅಳುವಿನ ಬದಲು ನಗೆಯೂ ಸಾಯುವತನಕ ಹೋರಾಟವೂ ಬಂದುವು. ಬದಲಾದ ಶಬ್ದಗಳು ಬೆರಳೆಣಿಕೆಯಷ್ಟು; ಬದಲಾದ ಭಾವ ಸಂಪೂರ್ಣ. ನಿರ್ವೇದವಿದ್ದಲ್ಲಿ ಉತ್ಸಾಹ ನಿಂತಿತು.

ಹ್ಯಾಮರ್‌ಸ್ಟೈನರು ಇದನ್ನು ಬಹಿರಂಗವಾಗಿಯೇ ಆಕ್ಷೇಪಿಸಿದರು. ಅವರ ಪಕ್ಷವನ್ನು ಕೇವಲ ಸ್ವತ್ತಿನ ಹಕ್ಕಿನ ಮಾತೆಂದು ತಳ್ಳಿಹಾಕುವುದು ಅನ್ಯಾಯ. ಕ್ಷೇಮೇಂದ್ರನ ಅಳತೆಗೋಲಿನಿಂದ ನೋಡಿದರೆ ಔಚಿತ್ಯ ಅವರ ಕಡೆಗೇ ಇದೆ. ಜೋ ಮುಂದಾಳಲ್ಲ; ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನದಿಯ ದಂಡೆಯ ಮೇಲೆ ಮೂಟೆ ಹೊರುವವನು. ಅವನ ಬಾಯಲ್ಲಿ ಹೋರಾಟದ ಘೋಷಣೆಯನ್ನಿಟ್ಟರೆ ಪಾತ್ರ ಒಡೆಯುತ್ತದೆ. ಅವನ ದಣಿವಿನಲ್ಲಿಯೇ ಆ ವ್ಯವಸ್ಥೆಯ ಮೇಲಿನ ಕಠೋರವಾದ ಆರೋಪವಿದೆ; ಪ್ರೇಕ್ಷಕನಿಗೆ ಕೇಳಿಸುವ ಆ ಆರೋಪ ಹೇಳುವವನಿಗೇ ಪೂರ್ತಿ ತಿಳಿಯದಿರುವುದು ನಾಟಕದ ಧ್ವನಿ. ಇನ್ನೊಂದು ಮಾತನ್ನೂ ಒಪ್ಪಬೇಕು. ಬಿಡಿ ಸಾಲುಗಳಾಗಿ ತೂಗಿದರೆ ಹೊಸ ಪಾಠ ಹಳೆಯದಕ್ಕಿಂತ ತೆಳುವು. ಬಾಳಿನ ಬೇಸರವನ್ನೂ ಸಾವಿನ ಭಯವನ್ನೂ ಒಂದೇ ಉಸಿರಿನಲ್ಲಿ ಹಿಡಿದ ಮೂಲದ ಪಾದ ಕವಿಯ ಕೈಯಿಂದ ಬಂದದ್ದು. ಅದರ ಸ್ಥಾನಕ್ಕೆ ಬಂದದ್ದು ಸಭೆಯ ಭಾಷೆ.

ಹೀಗಿದ್ದರೂ ರಾಬ್ಸನ್ನರ ಪಾಠವನ್ನು ಅಪಪಾಠವೆನ್ನಲಾಗದು. ವೇದಿಕೆಯ ಮೇಲೆ ವೇಷ ಕಳಚಿ ನಿಂತು ಹಾಡುವಾಗ ಅಲ್ಲಿ ಜೋ ಇರುವುದಿಲ್ಲ. ಪಾತ್ರವಿಲ್ಲದ ಎಡೆಯಲ್ಲಿ ಪಾತ್ರೌಚಿತ್ಯಕ್ಕೆ ಆಸ್ಪದವೆಲ್ಲಿ? ಅಲ್ಲಿ ಉಳಿಯುವುದು ಗಾಯಕ ಮತ್ತು ರಾಗ. ಆ ರಾಗವಾದರೋ ಮೊದಲಿನಿಂದಲೂ ಏರುತ್ತಲೇ ಇತ್ತು. ಕರ್ನ್ ಅವರ ಸ್ವರಗಳಲ್ಲಿ 1927ರಿಂದ ಹುದುಗಿದ್ದ ಅರ್ಥಕ್ಕೆ ರಾಬ್ಸನ್ನರು ಹತ್ತು ವರ್ಷಗಳ ತರುವಾಯ ಮಾತು ಕೊಟ್ಟರು. ಐದು ಸ್ವರಗಳ ಗಾನದ ವಿಷಯದಲ್ಲಿ ಅವರದು ಬರಿಯ ಹಾಡುಗಾರನ ಒಲವಲ್ಲ. ಲೋಕದ ಜನಪದ ಸಂಗೀತಗಳೆಲ್ಲಕ್ಕೂ ಅದೇ ತಳಹದಿಯೆಂಬ ತಮ್ಮ ವಾದವನ್ನು 1958ರ 'ಹಿಯರ್ ಐ ಸ್ಟ್ಯಾಂಡ್' ಗ್ರಂಥದ ಅನುಬಂಧದಲ್ಲಿ ಅವರು ಮಂಡಿಸಿದ್ದಾರೆ. ವಾದ ತುಸು ಅತಿವ್ಯಾಪ್ತವಾದರೂ ಅದರ ಹಿಂದಿನ ಕಿವಿ ನಿಜವಾದದ್ದು.

ಆ ಗ್ರಂಥ ಬಂದ ಕಾಲದ ಪರಿಸ್ಥಿತಿ ಬಲು ಕಠಿನವಾಗಿತ್ತು. ಅಮೆರಿಕದ ಸರ್ಕಾರ 1950ರಲ್ಲಿ ಅವರ ಪಾಸ್‌ಪೋರ್ಟನ್ನು ರದ್ದುಮಾಡಿತ್ತು. 1952ರಲ್ಲಿ ಅವರು ಕೆನಡಾದ ಗಡಿಯಂಚಿನಲ್ಲಿ ಲಾರಿಯೊಂದರ ಮೇಲೆ ನಿಂತು ಆಚೆಯವರಿಗೂ ಕೇಳುವಂತೆ ಹಾಡಿದರು. 1957ರಲ್ಲಿ ಸಮುದ್ರದಡಿಯ ದೂರವಾಣಿ ತಂತಿಯ ಮೂಲಕ ಲಂಡನ್ನಿನ ಸಭೆಗೂ ವೇಲ್ಸಿನ ಗಣಿಕಾರ್ಮಿಕರಿಗೂ ಹಾಡಿದರು. 1958ರ ಏಪ್ರಿಲಿನಲ್ಲಿ ಅವರ ಅರವತ್ತನೆಯ ಹುಟ್ಟುಹಬ್ಬವನ್ನು ಭಾರತದಲ್ಲಿ ಆಚರಿಸಿದಾಗ ನೆಹರೂ ಅವರ ಬೆಂಬಲ ಅದಕ್ಕಿತ್ತು. ಪಾಸ್‌ಪೋರ್ಟು ಮರಳಿದ್ದು ಅದೇ ವರ್ಷ, ಸುಪ್ರೀಂ ಕೋರ್ಟಿನ ತೀರ್ಪಿನ ತರುವಾಯ.

1960ರ ನವೆಂಬರಿನಲ್ಲಿ, ಸಿಡ್ನಿಯಲ್ಲಿ ಆಪೆರಾ ಹೌಸ್ ಇನ್ನೂ ಬರಿಯ ಕಾಂಕ್ರೀಟಾಗಿದ್ದಾಗ, ರಾಬ್ಸನ್ನರು ಅಲ್ಲಿನ ಕೂಲಿಕಾರರಿಗಾಗಿ ಹಾಡಿದರು. ಆಗ ಅವರಿಗೆ ಅರವತ್ತೆರಡು ವರ್ಷ. ಆ ಪ್ರಸಂಗದ ಚಲಚ್ಚಿತ್ರದ ತುಣುಕು ಉಳಿದಿದೆ. ಅಟ್ಟಣಿಗೆಗಳ ಮೇಲೆ ಕೆಲಸದ ಉಡುಪಿನಲ್ಲಿಯೇ ಕುಳಿತ ಜನ. ನಡುವೆ ಅಂಗೈಯನ್ನು ಕಿವಿಗೆ ಮರೆಮಾಡಿ ತನ್ನ ದನಿಯನ್ನು ತಾನೇ ಆಲಿಸುತ್ತಿರುವ ದೀರ್ಘಕಾಯದ ಮುದುಕ. ಕಂಠಕ್ಕೆ 1936ರ ನುಣುಪು ಉಳಿದಿಲ್ಲ. ಆದರೆ ಭಾರ ಹೊರುವ ಸಾಲುಗಳನ್ನು ಭಾರ ಹೊರುವವರ ಎದುರಿಗೆ ಹಾಡಿದುದರಿಂದ ಈ ಹಾಡಿಗೆ ಬ್ರಾಡ್‌ವೇಯಲ್ಲಿ ಎಂದೂ ದೊರೆಯದಿದ್ದ ಶ್ರೋತೃವರ್ಗ ದೊರೆಯಿತು. ಟಿಕೀಟು ಕೊಂಡು ಬರುವ ಸಭಿಕರಿಗಾಗಿ ಕಟ್ಟುತ್ತಿದ್ದ ಮಂದಿರದಲ್ಲಿ ಮೊದಲ ಕಛೇರಿಯನ್ನು ಕೇಳಿದವರು ಅದನ್ನು ಕಟ್ಟಿದವರೆಂಬುದು ಮೆಲುಕುಹಾಕತಕ್ಕ ಸಂಗತಿ. ದಣಿವಿನ ಪಾಠ ಅಲ್ಲಿ ಹೊಂದುತ್ತಿರಲಿಲ್ಲ. ಅವರ ದಣಿವನ್ನು ಅವರಿಗೇ ವರ್ಣಿಸಿ ತೋರಿಸುವುದರಲ್ಲಿ ಅರ್ಥವೇನು?

ರಾಬ್ಸನ್ನರು 1976ರಲ್ಲಿ ತೀರಿಕೊಂಡರು. ನಾಟಕದ ಮುಂದಿನ ಪ್ರಯೋಗಗಳಲ್ಲಿ ಹೀನೈಸುವ ಹೆಸರು ಹಂತಹಂತವಾಗಿ ಮೃದುವಾಯಿತು, ಆದರೆ ಮಿಕ್ಕ ಸಾಹಿತ್ಯ ಹ್ಯಾಮರ್‌ಸ್ಟೈನರದಾಗಿಯೇ ಉಳಿಯಿತು. ರಾಬ್ಸನ್ನರ ಪಾಠ ಮುಂದುವರಿದದ್ದು ಇಂಗ್ಲಿಷಿನ ಹೊರಗೆ, ಅದೂ ಭಾರತದಲ್ಲಿ. ಕೊಲಂಬಿಯಾದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಅವರ ಪರಿಚಯವಾದ ಭೂಪೇನ್ ಹಜಾರಿಕಾ ಈ ಹಾಡಿನ ಪ್ರೇರಣೆಯಿಂದ ಅಸ್ಸಾಮಿಯಲ್ಲಿ ಬೇರೊಂದನ್ನೇ ರಚಿಸಿದರು. ಅಲ್ಲಿ ಮಿಸಿಸಿಪಿ ಲುಯಿತ್ ಆಯಿತು, ಎಂದರೆ ಬ್ರಹ್ಮಪುತ್ರಾ, ಅದೂ ಮುದುಕನೇ. ಜೋನಿಗೆ ನದಿ ಹೊಟ್ಟೆಕಿಚ್ಚಿನ ವಸ್ತು, ರಾಬ್ಸನ್ನರಿಗೆ ಒಲ್ಲದ ಆದರ್ಶ. ಹಜಾರಿಕಾ ಅದನ್ನು ಎದುರಿಗೆ ನಿಲ್ಲಿಸಿಕೊಂಡು, ದಡದ ಮೇಲಿನ ಇಷ್ಟು ಜನರ ಹಾಹಾಕಾರವನ್ನು ಕೇಳಿಯೂ ಹೇಗೆ ಸುಮ್ಮನೆ ಹರಿಯುತ್ತಿರುವೆಯೆಂದು ವಿಚಾರಣೆಗೇ ಎಳೆಯುತ್ತಾರೆ. ಬಂಗಾಳಿ, ಹಿಂದಿಗಳಲ್ಲಿ ಅವರೇ ಹಾಡಿದಾಗ ಲುಯಿತಿನ ಸ್ಥಾನದಲ್ಲಿ ಗಂಗೆ ಬಂದಳು. ಮುದುಕ ಹೋಗಿ ತಾಯಿ ಬಂದದ್ದರಿಂದ ಆ ಪ್ರಶ್ನೆಯ ಮೊನೆ ಇನ್ನಷ್ಟು ಹರಿತವಾಯಿತು.