ಎರಡು ವಾಕ್ಯಗಳ ಸಂಧಿ: 1559ರ ಪ್ರಾರ್ಥನಾ ಪುಸ್ತಕವನ್ನು ಕುರಿತು

ಎಲಿಜಬೆತ್ ರಾಣಿಯ ಆಳಿಕೆಯ ಆರಂಭದಲ್ಲಿ, 1559ರಲ್ಲಿ, ಇಂಗ್ಲೆಂಡಿನ ಸಭೆಗೆ ವಿಧಿಸಲ್ಪಟ್ಟ ಸಾಮಾನ್ಯ ಪ್ರಾರ್ಥನಾ ಪುಸ್ತಕವನ್ನು ಮಧ್ಯಮ ಮಾರ್ಗದ ಕೃತಿಯೆಂದು ಹೊಗಳುವುದು ರೂಢಿ. ಆ ಹೊಗಳಿಕೆ ಎಷ್ಟರ ಮಟ್ಟಿಗೆ ಸಲ್ಲುವುದೆಂಬುದನ್ನು ಪುಸ್ತಕದ ಒಂದೇ ಸ್ಥಳವನ್ನು ಹಿಡಿದು ಪರೀಕ್ಷಿಸಬಯಸುತ್ತೇವೆ: ಪ್ರಭುಭೋಜನದಲ್ಲಿ ರೊಟ್ಟಿಯನ್ನು ಕೊಡುವಾಗ ಸಭಾಪಾಲಕನು ನುಡಿಯುವ ಮಾತು.

ಆರನೆಯ ಎಡ್ವರ್ಡನ ಕಾಲದ 1549ರ ಪುಸ್ತಕದಲ್ಲಿ ಆ ಮಾತು ಒಂದು ಹಾರೈಕೆ. ಕ್ರಿಸ್ತನ ದೇಹವು ಸ್ವೀಕರಿಸುವವನನ್ನು ನಿತ್ಯಜೀವಕ್ಕಾಗಿ ಕಾಯಲೆಂದು ಅದು ಬೇಡುತ್ತದೆ. ಹಳೆಯ ಪೂಜೆಯ ಅರ್ಥವನ್ನು ಅದರೊಳಗೆ ಓದಿಕೊಳ್ಳಲು ಎಡೆಯಿತ್ತು. 1552ರ ಪುಸ್ತಕವು ಆ ವಾಕ್ಯವನ್ನು ಪೂರ್ಣವಾಗಿ ಕೈಬಿಟ್ಟು, ಕ್ರಿಸ್ತನ ಮರಣವನ್ನು ನೆನೆದು ತಿನ್ನಬೇಕೆಂದೂ ನಂಬಿಕೆಯ ಮೂಲಕ ಹೃದಯದಲ್ಲಿ ಆತನಿಂದ ಪೋಷಣೆ ಹೊಂದಬೇಕೆಂದೂ ಆಜ್ಞಾಪಿಸಿತು. ಅಲ್ಲಿ 'ದೇಹ'ವೆಂಬ ಶಬ್ದವೇ ಇಲ್ಲ. ಮೇರಿ ರಾಣಿ ಆ ಪುಸ್ತಕವನ್ನು ರದ್ದುಗೊಳಿಸಿದಳು. ಅದರ ಮುಖ್ಯ ಕರ್ತೃ ಕ್ರಾನ್ಮರ್ 1556ರಲ್ಲಿ ಆಕ್ಸ್‌ಫರ್ಡಿನಲ್ಲಿ ಜೀವಂತವಾಗಿ ಸುಡಲ್ಪಟ್ಟನು. ಮೂರು ವರ್ಷಗಳ ತರುವಾಯ ಬಂದ ಪುಸ್ತಕವು ಎರಡು ವಾಕ್ಯಗಳನ್ನೂ ಒಂದರ ಹಿಂದೊಂದಾಗಿ ಜೋಡಿಸಿತು.

ಇದು ನಿರ್ಣಯವನ್ನು ತಪ್ಪಿಸಿಕೊಳ್ಳುವ ರಾಜತಂತ್ರವಷ್ಟೇ ಎಂಬ ಆಕ್ಷೇಪಣೆಯುಂಟು. ನಾವು ಅದನ್ನು ಪೂರ್ತಿಯಾಗಿ ಒಪ್ಪಲಾರೆವು. ಮೊದಲನೆಯ ವಾಕ್ಯವು ದೇವರ ದಾನವನ್ನು ಹೇಳುತ್ತದೆ, ಎರಡನೆಯದು ಅದನ್ನು ಹೊಂದುವ ನಂಬಿಕೆಯನ್ನು. ನಂಬಿಕೆಯ ಮಾತಿಲ್ಲದಿದ್ದರೆ ದಾನವು ಮಾಂತ್ರಿಕ ವಸ್ತುವಾದೀತು. ದಾನದ ಮಾತಿಲ್ಲದಿದ್ದರೆ ನಂಬಿಕೆಯು ನಮ್ಮ ಸ್ಮರಣಶಕ್ತಿಯ ಸಾಧನೆಯಾದೀತು. ಜೋಡಿಸಿದವರ ಉದ್ದೇಶವೇನೇ ಇರಲಿ, ಜೋಡಣೆಯು ಎರಡು ಬಿಡಿ ವಾಕ್ಯಗಳಿಗಿಂತಲೂ ಆಳವಾದ ದೈವಶಾಸ್ತ್ರವನ್ನು ನುಡಿಯಿತು.

ದೋಷವಿರುವುದು ಅದನ್ನು ಸಭೆಯ ಬಾಯಲ್ಲಿ ಇರಿಸಿದ ರೀತಿಯಲ್ಲಿ. ಈ ಪುಸ್ತಕವನ್ನು ಜಾರಿಗೆ ತಂದ ಏಕರೂಪತೆಯ ಶಾಸನಕ್ಕೆ ಮೇಲ್ಮನೆಯಲ್ಲಿ ಒಬ್ಬ ಬಿಷಪನೂ ಮತ ಕೊಡಲಿಲ್ಲ. ಭಾನುವಾರದ ಆರಾಧನೆಗೆ ಬಾರದವನಿಗೆ 12 ಪೆನ್ಸ್ ದಂಡ. ಬೇರೆ ಕ್ರಮದಿಂದ ಆರಾಧನೆ ನಡೆಸಿ ಮೂರನೆಯ ಬಾರಿ ಅಪರಾಧಿಯಾದ ಸಭಾಪಾಲಕನಿಗೆ ಜೀವಾವಧಿ ಸೆರೆ. 1581ರಲ್ಲಿ ಯೇಸುಸಭೆಯ ಎಡ್ಮಂಡ್ ಕ್ಯಾಂಪಿಯನ್, 1593ರಲ್ಲಿ ಪ್ರತ್ಯೇಕತಾವಾದಿಗಳಾದ ಬ್ಯಾರೋ ಮತ್ತು ಗ್ರೀನ್‌ವುಡ್ ಗಲ್ಲಿಗೇರಿದರು. 1562ರಿಂದ ಫ್ರಾನ್ಸ್ ಮತಯುದ್ಧಗಳಲ್ಲಿ ಬೆಂದುದನ್ನು ನೆನೆದರೆ, ಎಲಿಜಬೆತ್ ತನ್ನ ನಾಡಿಗೆ ಒದಗಿಸಿದ ಶಾಂತಿಯನ್ನು ಲಘುವಾಗಿ ಎಣಿಸಲಾಗದು. ಆದರೂ ವಾಕ್ಯದಲ್ಲಿದ್ದ ವಿಶಾಲತೆ ಶಾಸನದಲ್ಲಿರಲಿಲ್ಲ. ಕೃಪೆಯ ಮೇಜಿಗೆ ದಂಡದ ಭಯದಿಂದ ಬಂದವನ ಕೈಯಲ್ಲಿ ರೊಟ್ಟಿಯನ್ನಿಟ್ಟು ನಂಬಿಕೆಯಿಂದ ತಿನ್ನೆಂದು ಹೇಳುವುದರಲ್ಲಿರುವ ವಿರೋಧಾಭಾಸವನ್ನು ಆ ಕಾಲದ ಅರಮನೆ ಕಾಣಲಿಲ್ಲ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ, ಈ ಪುಸ್ತಕದ ಪರಂಪರೆಯವರು ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್, ಮೆಥೊಡಿಸ್ಟ್ ಪರಂಪರೆಯವರೊಡನೆ ಒಂದಾದರು. ಯಾವ ಸಿಂಹಾಸನವೂ ಅದನ್ನು ಆಜ್ಞಾಪಿಸಲಿಲ್ಲ. ದಶಕಗಳ ಸಂಭಾಷಣೆ ಅದನ್ನು ಸಾಧಿಸಿತು. ಆದಕಾರಣ 1559ರ ವಾಕ್ಯವನ್ನು ನಾವು ಕೃತಜ್ಞತೆಯಿಂದ ಓದಬಲ್ಲೆವು. ಆದರೆ ಸಮಿತಿಯ ಬಹುಮತದಿಂದ ಆರಾಧನಾ ಕ್ರಮವನ್ನು ನಿರ್ಣಯಿಸಿ, ಒಪ್ಪದವರನ್ನು ಅವಿಧೇಯರೆಂದು ಎಣಿಸುವ ಪ್ರತಿ ಸಂದರ್ಭದಲ್ಲಿಯೂ ಆ ವಾಕ್ಯದೊಡನೆ ಬಂದ ಶಾಸನವನ್ನು ಜ್ಞಾಪಿಸಿಕೊಳ್ಳುವುದು ನಮ್ಮ ಕರ್ತವ್ಯ.