ಗದ್ದಲ ಅಂದವರಿಗೆ

ಬ್ಯಾಡ್ ಬ್ರೇನ್ಸ್ ಗುಂಪಿನ ತಟ್ಟೆಯ ಮೇಲೆ ಮುಳ್ಳಿಟ್ಟರೆ ಮೊದಲ ಸಲ ಹಾಡು ಕೇಳಿಸುವುದಿಲ್ಲ, ಏಟು ಬೀಳುತ್ತದೆ. ನಮಗೂ ಹಾಗೇ ಆಯ್ತು. ಮತ್ತೆ ಹಾಕಿದೆವು, ಇನ್ನೊಮ್ಮೆ ಹಾಕಿದೆವು, ಆ ರಾತ್ರಿ ನಿದ್ದೆ ಹೋಯ್ತು. ಸಂಗೀತ ಬಲ್ಲ ಮೇಷ್ಟ್ರೊಬ್ಬರು ಕೇಳಿ, "ಬರೀ ಗದ್ದಲ ಕಣ್ರಯ್ಯ, ನುಡಿಸೋಕೆ ಬಾರದೋರ ಕಿರುಚಾಟ" ಅಂದರು. ಇದಕ್ಕೆ ಉತ್ತರ ಕೊಡಲೇಬೇಕು. ನಮ್ಮ ಪದ್ಯಗಳಿಗೂ ಇದೇ ಮಾತು ಅಂದಿದ್ದಾರೆ.

ಬಾರದೋರು ಯಾರು? ಅಮೆರಿಕದ ವಾಷಿಂಗ್‌ಟನ್ ನಗರದ ಅಂಚಿನ ನಾಲ್ವರು ಕಪ್ಪು ಹುಡುಗರು ಇವರು. ಹಾಡುಗಾರ ಎಚ್.ಆರ್., ಡ್ರಮ್ಮಿಗೆ ಅವನ ತಮ್ಮ ಅರ್ಲ್ ಹಡ್ಸನ್, ಗಿಟಾರಿಗೆ ಡಾಕ್ಟರ್ ನೋ, ಬಾಸಿಗೆ ಡ್ಯಾರಿಲ್ ಜೆನಿಫರ್. ಪಂಕ್‌ಗೆ ಬರುವ ಮುಂಚೆ, 1970ರ ದಶಕದಲ್ಲಿ, ಇವರು ಮೈಂಡ್ ಪವರ್ ಅನ್ನೋ ಹೆಸರಲ್ಲಿ ಜಾಝ್ ಫ್ಯೂಷನ್ ನುಡಿಸುತ್ತಿದ್ದವರು. ಇವರಿಗೆ ಮಾದರಿಯಾದ ಗುಂಪುಗಳಲ್ಲೊಂದು ಮಹಾವಿಷ್ಣು ಆರ್ಕೆಸ್ಟ್ರಾ. (ಈ ವಿಷ್ಣು ಎಲ್ಲಿ ಹೋದರೂ ಬಿಡೋನಲ್ಲ!) ಕಷ್ಟದ ಲೆಕ್ಕದಲ್ಲಿ ಕೈ ಪಳಗಿಸಿಕೊಂಡ ಮೇಲೆ ರಾಮೋನ್ಸ್ ಗುಂಪಿನ ಹಾಡೊಂದರಿಂದ ಹೆಸರು ತಗೊಂಡು ಪಂಕ್‌ಗೆ ಇಳಿದರು. ಕಪ್ಪು ಜನರ ಬೀದಿಮಾತಿನಲ್ಲಿ 'ಬ್ಯಾಡ್' ಅಂದರೆ ಭಾರೀ ಚೆಂದ ಅಂತಲೂ ಅರ್ಥವುಂಟು. ಬೇಗ ನುಡಿಸಿದ್ದು ಬಾರದ್ದಕ್ಕಲ್ಲ, ಬಂದದ್ದಕ್ಕೆ.

'ಬ್ಯಾನ್ಡ್ ಇನ್ ಡಿ.ಸಿ.' ಕೇಳಿ. ತಮ್ಮೂರಿನ ಕ್ಲಬ್ಬುಗಳು ಬಾಗಿಲು ಹಾಕಿದ್ದರ ಮೇಲೆ ಕಟ್ಟಿದ ಹಾಡು. ಓಡುತ್ತಾ ಓಡುತ್ತಾ ನಾಲ್ವರೂ ಒಟ್ಟಿಗೆ ವೇಗ ಇಳಿಸುತ್ತಾರೆ. ಒಬ್ಬನೂ ಒಂದು ಕೂದಲೆಳೆ ಆಚೀಚೆ ಆಗುವುದಿಲ್ಲ. ಅದರ ಬೆನ್ನಿಗೇ 'ಜಾ ಕಾಲಿಂಗ್', ನಿಧಾನದ ರೆಗೆ. ಹದಿನೈದು ಹಾಡುಗಳಲ್ಲಿ ಮೂರು ಹೀಗೆ ನಿಂತು ಉಸಿರಾಡುತ್ತವೆ. ವೇದಿಕೆಯ ಮೇಲೆ ಎಚ್.ಆರ್. ಹಿಂದಕ್ಕೆ ಲಾಗ ಹೊಡೆದು ಹಾಡಿನ ಕೊನೇ ಏಟಿಗೆ ಸರಿಯಾಗಿ ಕಾಲೂರುತ್ತಿದ್ದ. ಇದನ್ನು ತಾಳ ಗೊತ್ತಿಲ್ಲದೋರು ಮಾಡಲಿ ನೋಡೋಣ.

1982ರಲ್ಲಿ ರೋರ್ ಕಂಪನಿ ಇದನ್ನು ಬರೀ ಕ್ಯಾಸೆಟ್ಟಾಗಿ ತಂದಿತು. ಹಳದಿ ಹೊದಿಕೆ, ಅದರ ಮೇಲೆ ಅಮೆರಿಕದ ಸಂಸತ್ತಿನ ಗುಮ್ಮಟಕ್ಕೆ ಹೊಡೆಯುವ ಸಿಡಿಲು. ಕ್ಯಾಸೆಟ್ಟು ಬಡವರ ಸರಕು, ನಕಲು ಮಾಡಿ ಕೈಯಿಂದ ಕೈಗೆ ದಾಟಿಸಬಹುದಿತ್ತು. ಈಗ ನಮ್ಮ ಕೈಗೆ ಬಂದದ್ದು ಗೆಳೆಯನಿಂದ ಎರವಲು ತಂದ ಹೊಸ ತಟ್ಟೆ. ಬಣ್ಣಬಣ್ಣದವೂ ಇವೆಯಂತೆ, ಶೋಕಿಯ ಸಂಗ್ರಹಕಾರರಿಗೆ. ಅದು ನಮಗೆ ಹಿಡಿಸಲಿಲ್ಲ. ಆದರೆ 2021ರಲ್ಲಿ ಈ ಗುಂಪಿನವರು ತಮ್ಮ ಹಾಡುಗಳ ಒಡೆತನ ವಾಪಸ್ ಪಡೆದು, ಆರ್ಗ್ ಮ್ಯೂಸಿಕ್ ಜೊತೆ ಸೇರಿ, ತಮ್ಮದೇ ಲೇಬಲ್ ಹೆಸರಲ್ಲಿ ಮತ್ತೆ ಅಚ್ಚು ಹಾಕಿಸತೊಡಗಿದರು. ದುಡಿದವನ ಕೈಗೇ ದುಡಿಮೆ ಮರಳಿತಲ್ಲ, ಆ ಖುಷಿ ದೊಡ್ಡದು.

ಇಷ್ಟು ಹೊಗಳಿ ಒಂದು ಮಾತು ನುಂಗಿಕೊಂಡರೆ ನಾವೂ ಭಜನೆ ಮಂಡಳಿಯವರೇ ಆಗ್ತೇವೆ. ಅದೇ 1982ರಲ್ಲಿ ಟೆಕ್ಸಾಸಿನ ಆಸ್ಟಿನ್ನಿನಲ್ಲಿ ಬಿಗ್ ಬಾಯ್ಸ್ ಗುಂಪಿನ ಗಾಯಕ ಸಲಿಂಗಪ್ರೇಮಿ ಅನ್ನೋ ಕಾರಣಕ್ಕೆ ಇವರು ಅವನನ್ನು ಅವಮಾನಿಸಿದರು. ರಾಸ್ತಾಫಾರಿ ನಂಬಿಕೆ ಅದಕ್ಕೆ ನೆಪವಾಯ್ತು. ಎಂ.ಡಿ.ಸಿ. ಗುಂಪಿನವರು ಬಹಿರಂಗವಾಗಿಯೇ ಜಗಳ ತೆಗೆದರು. ತೆಗೆದದ್ದು ಸರಿ. ಬಾಗಿಲು ಹಾಕಿಸಿಕೊಂಡವನೇ ಇನ್ನೊಬ್ಬನ ಮುಖಕ್ಕೆ ಬಾಗಿಲು ಹಾಕಿದ. ಬಾಲ್ಯ, ಬಡತನ, ದೇವರು ಯಾವ ಸಬೂಬೂ ನಮಗೆ ಬೇಡ.

ತಟ್ಟೆ ನಾಳೆ ವಾಪಸ್ ಕೊಡಬೇಕು. ಎರಡನೇ ಮಗ್ಗುಲಿನ 'ಐ ಲವ್ ಐ ಜಾ' ಬಂದಾಗ ಈಗ ಆ ಆಸ್ಟಿನ್ನಿನ ಗಾಯಕ ನೆನಪಾಗುತ್ತಾನೆ. ಮುಳ್ಳೆತ್ತಿ ಮುಂದಿನ ಹಾಡಿಗೆ ಇಡೋಣ ಅಂದ ನಮ್ಮಲ್ಲೊಬ್ಬ. ಇಡಲಿಲ್ಲ.