ಎಸ್‌ಎಸ್‌ಡಿ: ಪೆಟ್ಟಿಗೆಯ ಮೇಲಿನ ಅಂಕಿ, ಒಳಗಿನ ಭೌತವಿಜ್ಞಾನ

ನಿಧಾನವಾಗಿರುವ ಹಳೆಯ ಮನೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗದಲ್ಲಿ ಎಸ್‌ಎಸ್‌ಡಿ ಹಾಕಿಸಿ ಎಂಬ ಸಲಹೆಯನ್ನು ಕೇಳದವರು ಈಗ ಕಡಿಮೆ. ಸಲಹೆ ಬಹುಮಟ್ಟಿಗೆ ಸರಿಯಾದದ್ದೇ. ಆದರೆ ಅದರ ಜೊತೆಗೆ ಕೊಡುವ ಕಾರಣಗಳು ಸರಿಯಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ಕಾರಣಗಳೂ ಅಷ್ಟೆ, ಅಂಗಡಿಯಲ್ಲಿ ಹೇಳುವವೂ ಅಷ್ಟೆ, ನಮ್ಮ ಕನ್ನಡ ವಿಜ್ಞಾನ ಲೇಖನಗಳಲ್ಲಿ ಮತ್ತೆ ಮತ್ತೆ ಬರುವವೂ ಅಷ್ಟೆ. ಉತ್ತರ ಸರಿಯಿದ್ದು ನಡುವಿನ ಹಂತಗಳು ತಪ್ಪಾಗಿದ್ದರೆ ನಾವು ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡುವುದಿಲ್ಲ. ಇಲ್ಲಿಯೂ ಕೊಡಬೇಕಾಗಿಲ್ಲ. ತಪ್ಪು ಕಾರಣವನ್ನು ನಂಬಿದವರು ಹಣವನ್ನೋ ಕಡತಗಳನ್ನೋ ಕಳೆದುಕೊಳ್ಳುವ ಸಂಭವವಿದೆ.

ಮೊದಲು ಹೆಸರಿನ ವಿಷಯ. ‘ಸಾಲಿಡ್ ಸ್ಟೇಟ್ ಡ್ರೈವ್’ ಎಂಬುದನ್ನು ‘ಘನಸ್ಥಿತಿ ಡ್ರೈವ್’ ಎಂದು ಅನುವಾದಿಸಿ ಮುಂದೆ ಹೋಗುವುದು ವಾಡಿಕೆ. ಹಾಗಾದರೆ ಹಾರ್ಡ್ ಡಿಸ್ಕ್ ದ್ರವವೇ ಎಂದು ವಿದ್ಯಾರ್ಥಿ ಕೇಳಿದರೆ ನಗುವಂತಿಲ್ಲ, ಪ್ರಶ್ನೆ ನ್ಯಾಯವಾದದ್ದು. ಈ ‘ಘನ’ ನಿರ್ವಾತ ಕವಾಟಗಳ ಕಾಲದಿಂದ ಬಂದ ಮಾತು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ, ಎಲೆಕ್ಟ್ರಾನುಗಳು ಗಾಜಿನ ಬುರುಡೆಯ ನಿರ್ವಾತದಲ್ಲಿ ಹಾರುವ ಬದಲು ಘನವಸ್ತುವಿನ ಒಳಗೇ ಚಲಿಸುವ ಸಾಧನಗಳಿಗೆ ಆ ವಿಶೇಷಣ ಅಂಟಿಕೊಂಡಿತು. ‘ಡ್ರೈವ್’ ಎಂಬುದಂತೂ ಕೇವಲ ಪಳೆಯುಳಿಕೆ. ಇದರಲ್ಲಿ ಓಡಿಸಬೇಕಾದ ಚಕ್ರವೇ ಇಲ್ಲ.

ಈಗ ವೇಗದ ಮಾತು. ಸಾಟಾ ಮಾದರಿಯ ಎಸ್‌ಎಸ್‌ಡಿಯ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 500ರಿಂದ 550 ಮೆಗಾಬೈಟ್ ಎಂದಿರುತ್ತದೆ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150 ಮೆಗಾಬೈಟ್ ಓದುತ್ತದೆ. ಅಂದರೆ ಲಾಭ ನಾಲ್ಕು ಪಟ್ಟಿಗಿಂತ ಕಡಿಮೆ. ಆದರೆ ಬದಲಾವಣೆ ಮಾಡಿಸಿದವರ ಅನುಭವ ಬೇರೆಯೇ. ಹಲವು ನಿಮಿಷ ಕಾಯಿಸುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಸಿದ್ಧವಾಗುತ್ತದೆ. ಹಾಗಾದರೆ ಆ ಅಂಕಿ ಯಾವುದನ್ನು ಅಳೆಯುತ್ತಿದೆ?

ಲೆಕ್ಕ ಹಾಕೋಣ. ಡೆಸ್ಕ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು 4.2 ಮಿಲಿಸೆಕೆಂಡು. ಅದಕ್ಕೂ ಮೊದಲು ತಲೆಯನ್ನು ಹೊತ್ತ ತೋಳು ಸರಿಯಾದ ಪಥಕ್ಕೆ ಸರಿಯಬೇಕು. ಇದಕ್ಕೆ ಸುಮಾರು 9 ಮಿಲಿಸೆಕೆಂಡು. ಒಟ್ಟು 13. ಹೀಗೆ ಸೆಕೆಂಡಿಗೆ ಸುಮಾರು 75 ಕಡೆ ಮಾತ್ರ ಹೋಗಿ ಓದಲು ಸಾಧ್ಯ. ಕಂಪ್ಯೂಟರ್ ಶುರುವಾಗುವಾಗ ಓದುವುದು ಒಂದು ದೊಡ್ಡ ಕಡತವನ್ನಲ್ಲ, ಚದುರಿಬಿದ್ದ ಸಾವಿರಾರು ಚೂರುಗಳನ್ನು. ಪ್ರತಿ ಚೂರು 4 ಕಿಲೋಬೈಟ್ ಎಂದಿಟ್ಟುಕೊಂಡರೆ 75ಕ್ಕೆ 300 ಕಿಲೋಬೈಟ್. ಸೆಕೆಂಡಿಗೆ 150 ಮೆಗಾಬೈಟ್ ಎಂದು ಹೇಳಿಕೊಳ್ಳುವ ಸಾಧನ ಈ ಕೆಲಸದಲ್ಲಿ ಕೊಡುವುದು ಅರ್ಧ ಮೆಗಾಬೈಟಿಗಿಂತ ಕಡಿಮೆ!

ಎಸ್‌ಎಸ್‌ಡಿಗೆ ತಿರುಗುವ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಒಂದು ಚೂರು ಕೈಗೆ ಬರಲು ಸುಮಾರು 0.1 ಮಿಲಿಸೆಕೆಂಡು ಸಾಕು. ಸೆಕೆಂಡಿಗೆ 10,000 ಚೂರು, ಅಂದರೆ 40 ಮೆಗಾಬೈಟ್. ಪೆಟ್ಟಿಗೆಯ 550ಕ್ಕೆ ಇದು ಬಹು ದೂರ. ಆದರೆ ಹಾರ್ಡ್ ಡಿಸ್ಕಿಗೆ ಹೋಲಿಸಿದರೆ ನೂರ ಮೂವತ್ತು ಪಟ್ಟು. ಜಾಹೀರಾತು ಮನೆಬಳಕೆದಾರನಿಗೆ ಅಪರೂಪಕ್ಕೆ ಸಿಗುವ ಲಾಭವನ್ನು ಸಾರಿ, ದಿನನಿತ್ಯ ಸಿಗುವ ಲಾಭವನ್ನು ಮುಚ್ಚಿಟ್ಟಿದೆ. ಜಡೆಯಲ್ಲಿರುವವರು ಒಂದೊಂದು ಸಾಮಾನಿಗೂ ಬೇರೆ ಬೇರೆಯಾಗಿ ಸೊರಬದ ಪೇಟೆಗೆ ಹೋಗಿಬರಬೇಕಾದರೆ ಲಾರಿ ಎಷ್ಟು ಟನ್ ಹೊರುತ್ತದೆ ಎಂಬುದರಿಂದ ಏನೂ ಆಗುವುದಿಲ್ಲ. ಒಂದು ಸಲ ಹೋಗಿಬರಲು ಎಷ್ಟು ಹೊತ್ತು ಎಂಬುದೇ ಮುಖ್ಯ. ಪೆಟ್ಟಿಗೆ ಹೇಳುತ್ತಿರುವುದು ಲಾರಿಯ ಟನ್ನಿನ ಲೆಕ್ಕ.

ಇದರಿಂದ ಕೊಳ್ಳುವವರಿಗೆ ಉಪಯೋಗಕ್ಕೆ ಬರುವ ಎರಡು ಮಾತು ಹೊರಡುತ್ತವೆ. ಹಳೆಯ ಮದರ್‌ಬೋರ್ಡಿನಲ್ಲಿ ಸಾಟಾದ ಎರಡನೆಯ ಪೀಳಿಗೆಯ ಸಂಪರ್ಕವಿದ್ದರೆ ಅದರ ಮಿತಿ ಸೆಕೆಂಡಿಗೆ 3 ಗಿಗಾಬಿಟ್. ಒಂದು ಬೈಟ್ ಕಳಿಸಲು 10 ಬಿಟ್ ಬೇಕಾಗುವುದರಿಂದ ಇದು 300 ಮೆಗಾಬೈಟ್. 550 ಸಿಗುವುದಿಲ್ಲ, ಆದ್ದರಿಂದ ಬೋರ್ಡನ್ನೂ ಬದಲಿಸಿ ಎಂಬ ಮಾತಿಗೆ ಕಿವಿಗೊಡಬೇಕಾಗಿಲ್ಲ. ಚೂರು ಓದಿಗೆ ಬೇಕಾದದ್ದು 40 ತಾನೆ? ಹಾಗೆಯೇ 7000 ಮೆಗಾಬೈಟ್ ಎಂದು ಬರೆದ ದುಬಾರಿ ಎನ್‌ವಿಎಂಇ ಡ್ರೈವ್ ಮನೆಯ ಕೆಲಸದಲ್ಲಿ ಹದಿಮೂರು ಪಟ್ಟು ಚುರುಕಾಗಿರುವುದಿಲ್ಲ. ಒಂದು ಚೂರಿಗೆ ಕಾಯುವ ಕಾಲ ಅದರಲ್ಲಿಯೂ ಅಂಥ ದೊಡ್ಡ ಪ್ರಮಾಣದಲ್ಲಿ ಇಳಿದಿಲ್ಲ. ಇನ್ನು ರ್‍ಯಾಮ್ 2 ಗಿಗಾಬೈಟ್ ಮಾತ್ರ ಇರುವ ಯಂತ್ರಕ್ಕೆ ಮೊದಲು ಬೇಕಾದದ್ದು ರ್‍ಯಾಮ್. ಅಂತರಜಾಲದ ಸಂಪರ್ಕ ನಿಧಾನವಿದ್ದರೆ ಎರಡೂ ಅದನ್ನು ಸರಿಪಡಿಸಲಾರವು.

ಎರಡನೆಯ ತಪ್ಪು ಕಾರಣ ಇನ್ನೂ ಅಪಾಯಕಾರಿ. ಚಲಿಸುವ ಭಾಗಗಳಿಲ್ಲ, ಆದ್ದರಿಂದ ಕೆಡುವುದೇ ಇಲ್ಲ ಎಂಬುದು. ಚಲಿಸುವ ಭಾಗವಿದೆ, ಅದು ಎಲೆಕ್ಟ್ರಾನು. 1967ರಲ್ಲಿ ಬೆಲ್ ಪ್ರಯೋಗಾಲಯದ ಡಾವೊನ್ ಕಾಂಗ್ ಮತ್ತು ಸೈಮನ್ ಝೀ ‘ತೇಲು ದ್ವಾರ’ದ ಟ್ರಾನ್ಸಿಸ್ಟರನ್ನು ವಿವರಿಸಿದರು. ತೋಷಿಬಾದ ಫುಜಿಯೊ ಮಸುವೊಕ ಮತ್ತು ಸಂಗಡಿಗರು 1980ರ ದಶಕದಲ್ಲಿ ಅದರಿಂದ ಫ್ಲಾಶ್ ಸ್ಮೃತಿಯನ್ನು ರೂಪಿಸಿದರು. ಸುತ್ತಲೂ ನಿರೋಧಕವಿರುವ ಒಂದು ಪುಟ್ಟ ದ್ವೀಪದಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕುವುದು ಇದರ ತತ್ತ್ವ. ಇಂದಿನ ಬಹುಮಹಡಿ ಚಿಪ್‌ಗಳಲ್ಲಿ ಹೆಚ್ಚಾಗಿ ದ್ವೀಪದ ಬದಲು ಸಿಲಿಕಾನ್ ನೈಟ್ರೈಡಿನ ಪದರವಿದೆ, ತತ್ತ್ವ ಅದೇ.

ನಿರೋಧಕದ ಆಚೆಗೆ ಎಲೆಕ್ಟ್ರಾನು ಹೋಗುವುದಾದರೂ ಹೇಗೆ? ಕ್ವಾಂಟಂ ಸುರಂಗಗಮನದಿಂದ. 10 ನ್ಯಾನೊಮೀಟರಿನ ಪದರಕ್ಕೆ 10 ವೋಲ್ಟ್ ಕೊಟ್ಟರೆ ವಿದ್ಯುತ್ ಕ್ಷೇತ್ರ ಮೀಟರಿಗೆ 100 ಕೋಟಿ ವೋಲ್ಟ್. ಗಾಳಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟಿಗೇ ಕಿಡಿ ಹಾರಿಸುತ್ತದೆ ಎಂಬುದನ್ನು ನೆನೆದರೆ ಈ ಪದರ ಅನುಭವಿಸುವ ಶಿಕ್ಷೆ ಅರ್ಥವಾದೀತು. ಸುರಂಗಗಮನವನ್ನು ಎಲ್ಲಿ ಕಾಣಬಹುದು ಎಂದು ಪದವಿ ತರಗತಿಯಲ್ಲಿ ಕೇಳುವವರಿಗೆ, ಜೇಬಿನಲ್ಲಿರುವ ಪೆನ್ ಡ್ರೈವಿನಲ್ಲಿ ಎಂದು ಉತ್ತರಿಸಬಹುದು. ಪ್ರತಿ ಸಲ ಬರೆದು ಅಳಿಸಿದಾಗಲೂ ಪದರ ಸ್ವಲ್ಪ ಹಾಳಾಗುತ್ತದೆ. ಒಂದು ಕೋಶದಲ್ಲಿ ಮೂರು ಬಿಟ್ ಇಡಲು ಆವೇಶದ 8 ಮಟ್ಟಗಳನ್ನೂ, ನಾಲ್ಕು ಬಿಟ್ ಇಡಲು 16 ಮಟ್ಟಗಳನ್ನೂ ಬೇರ್ಪಡಿಸಿ ಗುರುತಿಸಬೇಕು. ಮಟ್ಟಗಳು ಒತ್ತೊತ್ತಾದಂತೆ ಸ್ವಲ್ಪ ಸೋರಿಕೆಯೂ ತಪ್ಪಿಗೆ ದಾರಿ.

ಹಾಗೆಂದು ಬರೆದು ಬರೆದು ಸವೆಯುತ್ತದೆಂಬ ಭಯ ಮನೆಬಳಕೆಯಲ್ಲಿ ಅನಗತ್ಯ. ಒಂದು ಡ್ರೈವಿಗೆ 80 ಟೆರಾಬೈಟ್ ಬರೆಯುವ ಭರವಸೆಯಿದ್ದು ನೀವು ದಿನಕ್ಕೆ 10 ಗಿಗಾಬೈಟ್ ಬರೆದರೆ ಅದು 8000 ದಿನ, ಸುಮಾರು 22 ವರ್ಷ. ಅಷ್ಟರೊಳಗೆ ಕಂಪ್ಯೂಟರಿನ ಬೇರೆ ಯಾವುದಾದರೂ ಭಾಗ ಕೈಕೊಟ್ಟಿರುತ್ತದೆ. ಭಯಪಡಬೇಕಾದ್ದು ಇನ್ನೊಂದಕ್ಕೆ. ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಗಳಿಗೆ ಜೆಡೆಕ್ ಮಾನಕ ಕೇಳುವುದು ಇಷ್ಟು: ಬರೆಯುವ ಆಯುಸ್ಸು ಮುಗಿದ ಡ್ರೈವ್ ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು. ಹೊಸ ಡ್ರೈವ್ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ನಿಜ. ಆದರೆ ತಾಪ ಏರಿದಷ್ಟೂ ಸೋರಿಕೆ ವೇಗವಾಗುತ್ತದೆ. ಮದುವೆಯ ಫೋಟೋಗಳನ್ನೂ ಶಾಲೆಯ ದಾಖಲೆಗಳನ್ನೂ ಎಸ್‌ಎಸ್‌ಡಿಗೆ ತುಂಬಿ ವರ್ಷಗಟ್ಟಲೆ ಬೀರುವಿನಲ್ಲಿಡುವುದು ಸರಿಯಲ್ಲ. ಹಾರ್ಡ್ ಡಿಸ್ಕ್ ಕೆಡುವ ಮುನ್ನ ಹಲವು ಬಾರಿ ಕಟಕಟ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿಯ ನಿಯಂತ್ರಕ ಚಿಪ್ ಕೆಟ್ಟರೆ ಹಿಂದಿನ ದಿನ ಇದ್ದ ಡ್ರೈವ್ ಮರುದಿನ ಕಾಣುವುದೇ ಇಲ್ಲ. ಅಳಿಸಿದ ಕಡತದ ಕೋಶಗಳನ್ನು ಟ್ರಿಮ್ ಆದೇಶದ ಮೇರೆಗೆ ಅದು ತಾನಾಗಿಯೇ ಖಾಲಿ ಮಾಡುವುದರಿಂದ, ಅಳಿಸಿದ್ದನ್ನು ಮರಳಿ ಪಡೆಯುವುದೂ ಕಷ್ಟ. ಮಳೆಗಾಲದಲ್ಲಿ ಪದೇ ಪದೇ ಕರೆಂಟು ಹೋಗುವ ಮಲೆನಾಡಿನಲ್ಲಿ ಯುಪಿಎಸ್ ಇಲ್ಲದೆ ಎಸ್‌ಎಸ್‌ಡಿ ಹಾಕಿಸುವುದನ್ನು ನಾನು ಒಪ್ಪಲಾರೆ. ಬರೆಯುತ್ತಿರುವಾಗ ವಿದ್ಯುತ್ ಕಡಿದುಹೋದರೆ ಸಂಭಾಳಿಸುವ ಧಾರಕಗಳು ಅಗ್ಗದ ಡ್ರೈವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಕನ್ನಡದ ಮನೆಗಳಿಗೆ ವಿಶೇಷವಾದ ತೊಂದರೆಯೊಂದಿದೆ. ಇಂಗ್ಲಿಷಿನಿಂದ ಎತ್ತಿಕೊಂಡ ಸಲಹೆಗಳಲ್ಲಿ ಅದು ಇರುವುದು ಸಾಧ್ಯವೇ ಇಲ್ಲ. ಅಂಗಡಿಯವರು ಎಸ್‌ಎಸ್‌ಡಿಗೆ ವಿಂಡೋಸನ್ನು ಹೊಸದಾಗಿ ತುಂಬಿ ಕೊಡುತ್ತಾರೆ. ಹಳೆಯ ಕಡತಗಳನ್ನು ನಕಲು ಮಾಡಿರುತ್ತಾರೆ, ಫಾಂಟುಗಳನ್ನು ಮಾಡಿರುವುದಿಲ್ಲ. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಮೊದಲಾದವುಗಳಲ್ಲಿ ಬೆರಳಚ್ಚಾದ ಪಾಠ ಟಿಪ್ಪಣಿ, ಪ್ರಶ್ನೆಪತ್ರಿಕೆ, ಊರಿನ ಚರಿತ್ರೆ ಎಲ್ಲವೂ ಆಗ ಗೆರೆ ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಂತೆಯಾಗಿ ತೆರೆದುಕೊಳ್ಳುತ್ತವೆ. ವೈರಸ್ ಬಂದಿದೆಯೆಂದು ಅಳಿಸಿಬಿಡುವವರೂ ಉಂಟು. ಕಡತ ಕೆಟ್ಟಿಲ್ಲ, ಅದಕ್ಕೆ ಬೇಕಾದ ಫಾಂಟು ಇಲ್ಲ, ಅಷ್ಟೆ. ಆದ್ದರಿಂದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟುಬರಬೇಡಿ. ಯುಎಸ್‌ಬಿ ಕವಚದಲ್ಲಿ ಹಾಕಿಸಿ ಮನೆಗೆ ತನ್ನಿ. ಫಾಂಟುಗಳನ್ನು ಮರಳಿ ಹಾಕಿ, ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ.

‘ಹೊಸ ಜೀವ’ ಎಂಬ ಮಾತಿಗೂ ಒಂದು ಮಿತಿಯಿದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಬಹುತೇಕ ಸಂಸ್ಕಾರಕಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಎಸ್‌ಎಸ್‌ಡಿ ಇದನ್ನು ಬದಲಿಸಲಾರದು. ಕಾಸರಗೋಡೂ ಸೇರಿದಂತೆ ಕೇರಳದ ಶಾಲೆಗಳು ಗ್ನು/ಲಿನಕ್ಸಿನಲ್ಲಿ ಪಾಠ ನಡೆಸಿಕೊಂಡು ಬಂದಿವೆ. ಎಸ್‌ಎಸ್‌ಡಿ ಹಾಕಿದ ಹಳೆಯ ಯಂತ್ರಕ್ಕೆ ಆ ದಾರಿ ಚೆನ್ನಾಗಿ ಒಪ್ಪುತ್ತದೆ.

ಶಿಕ್ಷಕರು ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. 400 ಮೆಗಾಬೈಟಿನ ಒಂದು ಕಡತವನ್ನೂ, ಒಟ್ಟು ಅಷ್ಟೇ ತೂಗುವ ಸಾವಿರಾರು ಸಣ್ಣ ಕಡತಗಳಿರುವ ಫೋಲ್ಡರನ್ನೂ ಬೇರೆ ಬೇರೆಯಾಗಿ ನಕಲು ಮಾಡಿಸಿ, ನಿಲುಗಡಿಯಾರದಿಂದ ಕಾಲ ಅಳೆಯಲಿ. ಡಿಸ್ಕ್ ಬದಲಿಸುವ ಮೊದಲೂ ಆಮೇಲೂ ಅಳೆಯಲಿ. ಪ್ರತಿ ಅಳತೆಗೆ ಮುಂಚೆ ಕಂಪ್ಯೂಟರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು. ಇಲ್ಲವಾದರೆ ಕಡತಗಳು ರ್‍ಯಾಮಿನಲ್ಲೇ ಉಳಿದಿದ್ದು, ನೀವು ಅಳೆದದ್ದು ಡಿಸ್ಕನ್ನಲ್ಲ, ರ್‍ಯಾಮನ್ನು ಎಂದಾಗುತ್ತದೆ.